ಬಲೆಯ ಕಣ್ಣು, ಸಣ್ಣ ಮೀನು: ಹುಬ್ಬಳ್ಳಿ-ಧಾರವಾಡದ ಮೂತ್ರ ಪರೀಕ್ಷೆ ಕಂಡದ್ದೇನು, ಕಾಣದೆ ಬಿಟ್ಟದ್ದೇನು

2024ರ ಮಳೆಗಾಲದಿಂದೀಚೆಗೆ ಹುಬ್ಬಳ್ಳಿ-ಧಾರವಾಡದ ಓದುಗರಿಗೆ ಒಂದು ಬಗೆಯ ಸುದ್ದಿ ರೂಢಿಯಾಗಿದೆ. ಗಾಂಜಾ ಸೇದುತ್ತಾರೆಂಬ ಸಂಶಯದ ಮೇಲೆ ಪೊಲೀಸರು ನೂರಾರು ಯುವಕರನ್ನು ಒಟ್ಟಿಗೆ ಕರೆತರುತ್ತಾರೆ, ಮೂತ್ರದ ಮಾದರಿ ಪಡೆಯುತ್ತಾರೆ, ಪಾಲಕರನ್ನು ಕರೆಸಿ ಮಾತನಾಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ಎರಡು ಸಂಖ್ಯೆಗಳು: ಪರೀಕ್ಷೆಗೆ ಒಳಗಾದವರೆಷ್ಟು, ಪಾಸಿಟಿವ್ ಬಂದವರೆಷ್ಟು.

ಸುದ್ದಿ ಅಲ್ಲಿಗೆ ಮುಗಿಯುತ್ತದೆ, ಪ್ರಶ್ನೆಗಳು ಅಲ್ಲಿಂದ ಶುರುವಾಗುತ್ತವೆ. ಪಾಸಿಟಿವ್ ಬಂದ ಹುಡುಗ ಅದೇ ಸಂಜೆ ಮನೆಗೆ ಹೋದದ್ದು ಹೇಗೆ? ಸೇದುವುದು ಅಪರಾಧವೋ, ಮಾರುವುದು ಮಾತ್ರ ಅಪರಾಧವೋ? ಅವನಿಗೆ ಹದಿನೇಳು ವರ್ಷವಾಗಿದ್ದರೆ ಏನು? ಊರಿನಲ್ಲಿ ಚಟ ಹೆಚ್ಚಾಗಿದೆಯೋ, ಹುಡುಕಾಟ ಹೆಚ್ಚಾಗಿದೆಯೋ? ಇವೆಲ್ಲವುಗಳ ಹಿಂದೆ ಯಾರೂ ಅಷ್ಟಾಗಿ ಕೇಳದ ಇನ್ನೊಂದು ಪ್ರಶ್ನೆ ಇದೆ. ಊರಿನ ಆತಂಕವೆಲ್ಲ ಶಾಲೆಗೆ ಹೋಗುವ ಮಕ್ಕಳ ಬಗ್ಗೆ. ಹೀಗಿರುವಾಗ ಈ ಬಲೆಗೆ ಬೀಳುತ್ತಿರುವುದು ಆ ಮಕ್ಕಳೇ ಏನು?

ಹುಬ್ಬಳ್ಳಿಯೇ ಏಕೆ

2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆ ನಡೆಯಿತು. ಊರು ಬೀದಿಗಿಳಿಯಿತು. ಪೊಲೀಸರು ಏನು ಮಾಡುತ್ತಿದ್ದಾರೆ ಎಂಬ ಪ್ರಶ್ನೆಯ ಬೆನ್ನಿಗೇ ಗಾಂಜಾದ ಮಾತೂ ಬಂತು. ಸಿಟ್ಟಿನ ಹೊತ್ತಿನಲ್ಲಿ ಜನ ಒಂದೇ ಕಾರಣವನ್ನು ಹುಡುಕುತ್ತಾರೆ. ಆ ಎರಡು ಕೊಲೆಗಳಿಗೂ ಗಾಂಜಾಕ್ಕೂ ನಂಟು ಇತ್ತೇ ಇಲ್ಲವೇ ಎಂಬುದನ್ನು ಹೇಳಬೇಕಾದುದು ನ್ಯಾಯಾಲಯ. ಆದರೆ ಒತ್ತಡ ಮಾತ್ರ ನಿಜವಾಗಿತ್ತು. ಆ ವರ್ಷ ಜುಲೈನಲ್ಲಿ ಹೊಸ ಪೊಲೀಸ್ ಕಮಿಷನರ್ ಬಂದರು, ಗಾಂಜಾ ವಿರುದ್ಧದ ಕಾರ್ಯಾಚರಣೆ ಬಿರುಸಾಯಿತು.

ಭೂಗೋಳವೂ ಇದಕ್ಕೆ ಕೂಡಿಬಂದಿದೆ. ಪುಣೆ-ಬೆಂಗಳೂರು ಹೆದ್ದಾರಿ, ಸೊಲ್ಲಾಪುರ-ವಿಜಯಪುರದಿಂದ ಅಂಕೋಲೆಗೆ ಇಳಿಯುವ ಹೆದ್ದಾರಿ, ಗದಗ-ಬಳ್ಳಾರಿ ಕಡೆಯಿಂದ ಬರುವ ಹೆದ್ದಾರಿ ಮೂರೂ ಹುಬ್ಬಳ್ಳಿಯಲ್ಲಿ ಸೇರುತ್ತವೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲೇ ಇದೆ. ಮೆಣಸಿನಕಾಯಿ, ಹತ್ತಿ, ಬಟ್ಟೆ ಯಾವ ದಾರಿಯಲ್ಲಿ ಬರುತ್ತವೆಯೋ ಗಾಂಜಾ ಕೂಡ ಅದೇ ದಾರಿಯಲ್ಲಿ ಬರುತ್ತದೆ. ದಕ್ಷಿಣ ಭಾರತದ ಗಾಂಜಾ ವ್ಯಾಪಾರಕ್ಕೆ ಆಂಧ್ರ-ಒಡಿಶಾ ಗಡಿಯ ಗುಡ್ಡಗಾಡು ದೊಡ್ಡ ಮೂಲ. ಅದರ ಜೊತೆಗೆ ನಮ್ಮ ಕಡೆಯ ಹೊಲಗಳಲ್ಲೇ ಹತ್ತಿ, ಗೋವಿನಜೋಳ, ಕಬ್ಬಿನ ಸಾಲುಗಳ ನಡುವೆ ನಾಲ್ಕಾರು ಗಿಡ ಬೆಳೆದು ಸಿಕ್ಕಿಬಿದ್ದವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ.

ಕೊಳ್ಳುವವರಿಗೂ ಇಲ್ಲಿ ಕೊರತೆ ಇಲ್ಲ. ಧಾರವಾಡ ವಿದ್ಯಾರ್ಥಿಗಳ ಊರು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಐಐಟಿ ಇಲ್ಲಿವೆ; ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳಿವೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಯಿಂದ ಬಂದ ಸಾವಿರಾರು ಹುಡುಗರು ಬಾಡಿಗೆ ಕೋಣೆಗಳಲ್ಲಿ ಇರುತ್ತಾರೆ. ಮೊದಲ ಬಾರಿಗೆ ಮನೆಯಿಂದ ದೂರ, ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಹಣ. ಇದೆಲ್ಲ ನಿಜ. ಆದರೆ ಈ ಚಿತ್ರದಲ್ಲಿರುವವರ ವಯಸ್ಸನ್ನು ನೋಡಿ: ಹದಿನೆಂಟರಿಂದ ಇಪ್ಪತ್ತೈದು. ಪೊಲೀಸರ ಬಲೆ ಬೀಸುವುದು ಈ ನೀರಿನಲ್ಲಿಯೇ.

ಮೂತ್ರದ ಪಟ್ಟಿ ಏನನ್ನು ಓದುತ್ತದೆ

ಇಂಥ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಬಳಕೆಯಾಗುವುದು ಗರ್ಭಧಾರಣೆ ಪರೀಕ್ಷೆಯ ಕಿಟ್ಟನ್ನು ಹೋಲುವ ಒಂದು ಪಟ್ಟಿ. ಕೆಲವು ಹನಿ ಮೂತ್ರ ಬಿಟ್ಟರೆ ಐದಾರು ನಿಮಿಷದಲ್ಲಿ ಗೆರೆ ಮೂಡುತ್ತದೆ, ಅಥವಾ ಮೂಡುವುದಿಲ್ಲ. ಗಾಂಜಾದಲ್ಲಿ ನಶೆ ತರುವ ಅಂಶ ಟಿಎಚ್‌ಸಿ. ಯಕೃತ್ತು ಅದನ್ನು ಒಡೆದಾಗ ಉಳಿಯುವ ಶೇಷವನ್ನು ಈ ಪಟ್ಟಿ ಹುಡುಕುತ್ತದೆ. ಒಂದು ಮಿಲಿಲೀಟರ್ ಮೂತ್ರದಲ್ಲಿ 50 ನ್ಯಾನೋಗ್ರಾಂಗಿಂತ ಹೆಚ್ಚು ಶೇಷವಿದ್ದರೆ ಪಾಸಿಟಿವ್ ಎನ್ನುವುದು ಇಂಥ ಕಿಟ್‌ಗಳಲ್ಲಿ ಸಾಮಾನ್ಯ ಲೆಕ್ಕ.

ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ನಶೆ ಇಳಿದ ಮೇಲೂ ಅದು ಮೈಯ ಕೊಬ್ಬಿನಲ್ಲಿ ಕುಳಿತು ನಿಧಾನವಾಗಿ ಹೊರಬರುತ್ತದೆ. ಎಂದೋ ಒಮ್ಮೆ ಸೇದಿದವನ ಮೂತ್ರದಲ್ಲಿ ಮೂರು-ನಾಲ್ಕು ದಿನ ಸಿಕ್ಕೀತು. ದಿನವೂ ಸೇದುವವನು ಬಿಟ್ಟು ಒಂದು ತಿಂಗಳಾದರೂ ಪಾಸಿಟಿವ್ ಬರಬಹುದು. ಆದ್ದರಿಂದ ಪಾಸಿಟಿವ್ ಫಲಿತಾಂಶ ಹೇಳುವುದು ಇಷ್ಟೇ: ಈ ಮೈ ಕೆಲವು ದಿನಗಳ ಅಥವಾ ವಾರಗಳ ಹಿಂದೆ ಗಾಂಜಾವನ್ನು ಕಂಡಿದೆ. ಈಗ ಮತ್ತಿನಲ್ಲಿದ್ದಾನೆಯೇ, ಚಟಕ್ಕೆ ಬಿದ್ದಿದ್ದಾನೆಯೇ, ಮಾರುತ್ತಾನೆಯೇ ಎಂಬುದನ್ನು ಅದು ಹೇಳುವುದಿಲ್ಲ. ಅಪರೂಪಕ್ಕೆ ತಪ್ಪನ್ನೂ ಹೇಳುತ್ತದೆ. ಅದಕ್ಕಾಗಿಯೇ ವೈದ್ಯಕೀಯದಲ್ಲಿ ಇದನ್ನು ಜರಡಿ ಹಿಡಿಯುವ ಪರೀಕ್ಷೆ ಎಂದು ಎಣಿಸಿ, ಪ್ರಯೋಗಾಲಯದಲ್ಲಿ ಇನ್ನೊಮ್ಮೆ ದೃಢಪಡಿಸಿಕೊಳ್ಳುವ ಪದ್ಧತಿ ಇದೆ.

ಪಾಸಿಟಿವ್ ಬಂದವರೆಲ್ಲರನ್ನೂ ಒಂದೇ ರಾಶಿಗೆ ಹಾಕಿ ವ್ಯಸನಿಗಳು ಎಂದು ಬರೆಯುವುದು ಇದರಿಂದಾಗಿ ತಪ್ಪು. ಊರಿನಲ್ಲಿ ಶೇಕಡಾ ಇಷ್ಟು ಯುವಕರು ಗಾಂಜಾ ಸೇದುತ್ತಾರೆ ಎಂದು ಲೆಕ್ಕ ಹಾಕುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಕರೆತಂದವರು ಸಂಶಯದ ಮೇಲೆ ಆರಿಸಿ ತಂದವರು. ಮಂಡಿಯಲ್ಲಿ ಕೊಳೆತ ಉಳ್ಳಾಗಡ್ಡಿಯನ್ನೇ ಆರಿಸಿ ಚೀಲ ತುಂಬಿ, ಈ ಸಲದ ಫಸಲೆಲ್ಲ ಕೊಳೆತಿದೆ ಎಂದಂತೆ ಅದು.

ಪಟ್ಟಿಗೆ ಕಾಣದ ನಶೆ

ಪಟ್ಟಿಯ ಈ ಮಿತಿಗಳನ್ನು ಪೊಲೀಸರೂ ಬಲ್ಲರು. ಮಕ್ಕಳ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ದೊಡ್ಡ ಮಿತಿ ಬೇರೊಂದಿದೆ.

ಮಕ್ಕಳ ಮಾದಕ ವ್ಯಸನದ ಬಗ್ಗೆ ದೇಶವ್ಯಾಪಿ ಸಮೀಕ್ಷೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿತ್ತು. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ ವಯಸ್ಕರಲ್ಲಿ ಶೇ 3.3ರಷ್ಟು ಮಂದಿ ಗಾಂಜಾ, ಭಂಗಿ ಬಳಸಿದ್ದರು. 10ರಿಂದ 17 ವರ್ಷದವರಲ್ಲಿ ಈ ಪ್ರಮಾಣ ಶೇ 0.9. ಮದ್ಯದ ವಿಷಯದಲ್ಲೂ ದೊಡ್ಡವರೇ ಬಹಳ ಮುಂದೆ. ಮಕ್ಕಳು ದೊಡ್ಡವರನ್ನು ಹಿಂದೆ ಹಾಕಿದ್ದು ಒಂದೇ ಬಗೆಯ ನಶೆಯಲ್ಲಿ: ಮೂಗಿನಿಂದ, ಬಾಯಿಂದ ಎಳೆದುಕೊಳ್ಳುವ ದ್ರಾವಕಗಳಲ್ಲಿ. ವಯಸ್ಕರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17. ಅಂದರೆ ಸರಿಸುಮಾರು ಎರಡು ಪಟ್ಟು.

ದ್ರಾವಕ ಎಂದರೆ ದೂರದ ವಸ್ತುವೇನಲ್ಲ. ಪಂಕ್ಚರ್ ಹಾಕುವ ಸೊಲ್ಯೂಷನ್, ಚಪ್ಪಲಿ ಅಂಟಿಸುವ ಗೋಂದು, ವೈಟ್ನರ್, ಬಣ್ಣಕ್ಕೆ ಬೆರೆಸುವ ಥಿನ್ನರ್, ಬೈಕಿನ ಟ್ಯಾಂಕಿನಲ್ಲಿರುವ ಪೆಟ್ರೋಲ್. ಕರವಸ್ತ್ರಕ್ಕೋ ಪ್ಲಾಸ್ಟಿಕ್ ಚೀಲಕ್ಕೋ ಸುರಿದು ಎಳೆದರೆ ಕ್ಷಣದಲ್ಲಿ ತಲೆ ತಿರುಗುತ್ತದೆ, ಹಸಿವು ಮರೆಯುತ್ತದೆ. ಹತ್ತಿಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ, ಮತ್ತೆ ಎಳೆಯಬೇಕು. ಬೆಲೆ ಒಂದು ವಡಾಪಾವಿನ ಆಸುಪಾಸು. ಮಾರುವವನು ಪೆಡ್ಲರ್ ಅಲ್ಲ, ಹಾರ್ಡ್‌ವೇರ್ ಅಂಗಡಿಯವನು. ಅವನಿಗೆ ತಾನೇನು ಮಾರುತ್ತಿದ್ದೇನೆ ಎಂಬುದು ಗೊತ್ತಿರಲೂಬಹುದು, ಇಲ್ಲದಿರಲೂಬಹುದು.

ಇವುಗಳಲ್ಲಿರುವ ಟೊಲ್ಯುಯೀನ್‌ನಂಥ ರಾಸಾಯನಿಕ ಮೆದುಳಿನ ನರತಂತುಗಳ ಹೊದಿಕೆಯನ್ನೇ ತಿನ್ನುತ್ತದೆ. ವರ್ಷಗಟ್ಟಲೆ ಎಳೆದವನಲ್ಲಿ ನಡಿಗೆ ತಪ್ಪುತ್ತದೆ, ಮಾತು ತೊದಲುತ್ತದೆ, ನೆನಪು ಕುಗ್ಗುತ್ತದೆ. ಹೃದಯದ ಬಡಿತ ಏರುಪೇರಾಗಿ ಮೊದಲ ಸಲ ಎಳೆದವನೇ ಸತ್ತುಬಿದ್ದ ಉದಾಹರಣೆಗಳನ್ನು ವೈದ್ಯಶಾಸ್ತ್ರ ದಾಖಲಿಸಿದೆ. ಗಾಂಜಾ ಅಷ್ಟು ಬೇಗ ಕೊಲ್ಲುವ ವಸ್ತುವಲ್ಲ.

ಈಗ ಮತ್ತೆ ಪಟ್ಟಿಗೆ ಬನ್ನಿ. ಗಾಂಜಾ ಹುಡುಕುವ ಪಟ್ಟಿಯಲ್ಲಿ ಸೊಲ್ಯೂಷನ್ ಕಾಣುವುದಿಲ್ಲ. ಬಸ್ ನಿಲ್ದಾಣದ ಹಿಂದೆ ಚೀಲ ಹಿಡಿದು ಕುಳಿತ ಹದಿಮೂರು ವರ್ಷದ ಹುಡುಗನನ್ನು ಪರೀಕ್ಷಿಸಿದರೆ ಫಲಿತಾಂಶ ನೆಗೆಟಿವ್. ಕಾಯ್ದೆಯ ಪಟ್ಟಿಯಲ್ಲೂ ಅದು ಇಲ್ಲ: ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆ ಗಾಂಜಾ, ಅಫೀಮು, ಕೊಕೇನ್ ಮತ್ತು ಗೊತ್ತುಪಡಿಸಿದ ಮನೋಪರಿಣಾಮಕ ವಸ್ತುಗಳನ್ನು ಹೆಸರಿಸುತ್ತದೆ, ಅಂಟು, ಥಿನ್ನರ್ ಅದರೊಳಗೆ ಬರುವುದಿಲ್ಲ. ಬರಲು ಸಾಧ್ಯವೂ ಇಲ್ಲ, ಪಂಕ್ಚರ್ ಅಂಗಡಿ ನಡೆಯಬೇಕಲ್ಲ. ಹೀಗೆ ಅತಿ ಕಿರಿಯರು ಬಳಸುವ, ಅವರ ಮೆದುಳನ್ನು ಅತಿ ಬೇಗ ಕೆಡಿಸುವ ನಶೆ ಪರೀಕ್ಷೆಗೂ ಕಾಣದು, ಪ್ರಕರಣಕ್ಕೂ ಸಿಗದು, ಪತ್ರಿಕಾಗೋಷ್ಠಿಯ ಸಂಖ್ಯೆಯಲ್ಲೂ ಇರದು.

ಮಾತ್ರೆಗಳದು ಇನ್ನೊಂದು ಕಥೆ. ನಿದ್ರೆಗೆ, ಆತಂಕಕ್ಕೆ ಕೊಡುವ ನೈಟ್ರಜೆಪಾಮ್, ಅಲ್ಪ್ರಜೋಲಾಮ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿನ ಟ್ರಮಡಾಲ್ ಇವೆಲ್ಲ ಎಚ್-1 ಅನುಸೂಚಿಯ ಔಷಧಗಳು. 2014ರ ಮಾರ್ಚ್‌ನಿಂದ ಇವನ್ನು ಮಾರುವ ಔಷಧ ಅಂಗಡಿ ವೈದ್ಯರ, ರೋಗಿಯ ಹೆಸರು ಮತ್ತು ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆ ವಹಿಯನ್ನು ತೆರೆದು ನೋಡುವುದು ಪೊಲೀಸರಿಗಿಂತ ಹೆಚ್ಚಾಗಿ ಔಷಧ ನಿಯಂತ್ರಣ ಇಲಾಖೆಯ ಕೆಲಸ. ಅದಕ್ಕೆ ರಾತ್ರಿ ದಾಳಿ ಬೇಕಿಲ್ಲ, ಹಗಲಿನ ತಪಾಸಣೆ ಸಾಕು. ಅಂಥ ತಪಾಸಣೆಗೆ ಫೋಟೊ ಸಿಗುವುದಿಲ್ಲ ಎಂಬುದೊಂದೇ ಕೊರತೆ.

ತೂಕ ನೋಡುವ ಕಾಯ್ದೆ

ಪಾಸಿಟಿವ್ ಬಂದವನು ಸಂಜೆಗೆ ಮನೆಗೆ ಹೋಗುವುದಕ್ಕೆ ಹಲವರು ಲಂಚ, ಶಿಫಾರಸು ಎಂದು ಅರ್ಥ ಹಚ್ಚುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ಕಾಯ್ದೆಯೇ ಹಾಗಿದೆ.

1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇದುವುದೂ ಅಪರಾಧವೇ. 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇವನೆಗೆ ಗರಿಷ್ಠ ಆರು ತಿಂಗಳ ಸೆರೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಷ್ಟು ಸಣ್ಣ ಶಿಕ್ಷೆಯ ಅಪರಾಧಕ್ಕೆ ಯಾರನ್ನೂ ತಿಂಗಳುಗಟ್ಟಲೆ ಒಳಗಿಡಲು ಬರುವುದಿಲ್ಲ. ಇಂಥ ಪ್ರಕರಣಗಳು ಹೆಚ್ಚಾಗಿ ದಂಡದಲ್ಲಿ ಮುಗಿಯುತ್ತವೆ.

ಗಾಂಜಾ ಕೈಯಲ್ಲಿದ್ದರೆ ಶಿಕ್ಷೆ ತೂಕವನ್ನು ಅವಲಂಬಿಸುತ್ತದೆ. ಒಂದು ಕಿಲೋಗಿಂತ ಕಡಿಮೆ ಇದ್ದರೆ ಸಣ್ಣ ಪ್ರಮಾಣ: ಒಂದು ವರ್ಷದವರೆಗೆ ಸೆರೆ. ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ ಹತ್ತು, ಗರಿಷ್ಠ ಇಪ್ಪತ್ತು ವರ್ಷ, ಜಾಮೀನು ಬಹಳ ಕಷ್ಟ. ನಡುವಿನದಕ್ಕೆ ಹತ್ತು ವರ್ಷದವರೆಗೆ. ಒಂದು ಕಿಲೋ ಸಣ್ಣದು ಎಂದರೆ ಯಾರಿಗಾದರೂ ಆಶ್ಚರ್ಯವೇ. ಕಾಲೇಜಿನ ಹಿಂದೆ ಮಾರಾಟವಾಗುವ ಪೊಟ್ಟಣದಲ್ಲಿ ಕೆಲವೇ ಗ್ರಾಂ ಇರುತ್ತದೆ. ಅಂದರೆ ಸೇದಲು ಒಂದು ಪೊಟ್ಟಣ ಇಟ್ಟುಕೊಂಡ ವಿದ್ಯಾರ್ಥಿ ಮತ್ತು ಮಾರಲು ನೂರು ಪೊಟ್ಟಣ ಇಟ್ಟುಕೊಂಡವನು ತಕ್ಕಡಿಯಲ್ಲಿ ಒಂದೇ ತಟ್ಟೆಗೆ ಬೀಳುತ್ತಾರೆ. ಕಾಯ್ದೆ ತೂಕವನ್ನು ಕೇಳುತ್ತದೆ, ಪಾತ್ರವನ್ನು ಕೇಳುವುದು ಕಡಿಮೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಬೀದಿಯಲ್ಲಿ ನಿಂತವನ ಕಿಸೆ ಎಂದೂ ಭಾರವಾಗಿರುವುದಿಲ್ಲ.

ಇದೇ ಕಾಯ್ದೆಯಲ್ಲಿ ಪಾಲಕರಿಗೆ ಬಹುತೇಕ ಗೊತ್ತೇ ಇಲ್ಲದ ಒಂದು ಕಿಟಕಿ ಇದೆ. 64-ಎ ಸೆಕ್ಷನ್ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ನ್ಯಾಯಾಲಯವೇ ಶಿಕ್ಷೆಯ ಬದಲು ಚಿಕಿತ್ಸೆಗೆ ಕಳುಹಿಸಲು 39ನೇ ಸೆಕ್ಷನ್ ಇದೆ. ಠಾಣೆಗೆ ಕರೆಸಿದ ಪಾಲಕರಿಗೆ ಬುದ್ಧಿಮಾತು ಹೇಳುವಾಗ ಈ ಎರಡು ಸಾಲುಗಳನ್ನೂ ಬರೆದುಕೊಟ್ಟರೆ ಆ ಭೇಟಿಗೆ ಬೇರೆಯದೇ ಬೆಲೆ ಬರುತ್ತಿತ್ತು.

ಹದಿನೆಂಟರ ಗೆರೆ

ದ್ವಿತೀಯ ಪಿಯುಸಿಯ ಒಂದೇ ಬೆಂಚಿನಲ್ಲಿ ಇಬ್ಬರು ಕುಳಿತಿದ್ದಾರೆ ಎಂದುಕೊಳ್ಳಿ. ಒಬ್ಬನಿಗೆ ಹದಿನೆಂಟು ತುಂಬಿ ವಾರವಾಗಿದೆ, ಇನ್ನೊಬ್ಬನಿಗೆ ತುಂಬಲು ವಾರವಿದೆ. ಇಬ್ಬರೂ ಒಂದೇ ಪೊಟ್ಟಣವನ್ನು ಹಂಚಿಕೊಂಡು ಸೇದಿ ಸಿಕ್ಕಿಬಿದ್ದರು. ಮೊದಲನೆಯವನು ಆರೋಪಿ. ಎರಡನೆಯವನು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು.

ಆ ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ. ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೋ ಒಪ್ಪಿಸಿ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಅಪರಾಧ ಘೋರವಲ್ಲದಿದ್ದರೆ, ದೊಡ್ಡವರೊಂದಿಗೆ ಸೇರಿ ಮಾಡಿದ್ದಲ್ಲವಾದರೆ, 2016ರ ನಿಯಮಗಳ ಪ್ರಕಾರ ಎಫ್‌ಐಆರ್ ಕೂಡ ಇಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಮನೆ, ಶಾಲೆ, ಗೆಳೆಯರ ಹಿನ್ನೆಲೆಯ ವರದಿ ಸಿದ್ಧಪಡಿಸಬೇಕು. ಹೆಸರು, ಫೋಟೊ, ಶಾಲೆ ಯಾವುದೂ ಹೊರಗೆ ಬರಬಾರದು. ಗುಂಪಾಗಿ ಕುಳ್ಳಿರಿಸಿದ ಹುಡುಗರ ಬೆನ್ನಿನ ಚಿತ್ರ ಮೊಬೈಲ್‌ಗಳಲ್ಲಿ ಹರಿದಾಡಿದಾಗ, ಅದರಲ್ಲಿ ಹದಿನೇಳರ ಬೆನ್ನು ಒಂದಿದ್ದರೂ ಅದು ಕಾಯ್ದೆಯ ಉಲ್ಲಂಘನೆ. ಬೆನ್ನು ಕಂಡರೆ ಮುಖ ಕಂಡಂತೆ ಅಲ್ಲ ಎಂಬ ವಾದ ಓಣಿಯಲ್ಲಿ ನಡೆಯುವುದಿಲ್ಲ. ಅಂಗಿಯ ಬಣ್ಣ ಸಾಕು.

ಮಕ್ಕಳಿಗೆ ಮಾದಕ ವಸ್ತು, ಮದ್ಯ, ತಂಬಾಕು ಕೊಟ್ಟವನಿಗೆ ಇದೇ ಕಾಯ್ದೆಯ 77ನೇ ಸೆಕ್ಷನ್‌ನಲ್ಲಿ ಏಳು ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷದವರೆಗೆ ದಂಡ. ಮಕ್ಕಳನ್ನು ಮಾರಾಟಕ್ಕೆ, ಸಾಗಾಟಕ್ಕೆ ಬಳಸಿದವನಿಗೂ 78ನೇ ಸೆಕ್ಷನ್‌ನಲ್ಲಿ ಅಷ್ಟೇ ಶಿಕ್ಷೆ. ಈ ಎರಡನ್ನು ಮೇಲಿನ ತಕ್ಕಡಿಯ ಪಕ್ಕದಲ್ಲಿ ಇಟ್ಟು ನೋಡಿ. ಹತ್ತು ಗ್ರಾಂ ಗಾಂಜಾ ಮಾರಿದವನಿಗೆ ಎನ್‌ಡಿಪಿಎಸ್‌ನಲ್ಲಿ ಗರಿಷ್ಠ ಒಂದು ವರ್ಷ. ಅದೇ ಹತ್ತು ಗ್ರಾಂ ಹದಿನಾರರ ಹುಡುಗನಿಗೆ ಮಾರಿದ್ದು ಸಾಬೀತಾದರೆ ಏಳು ವರ್ಷ. ತೂಕದ ಕಾಯ್ದೆ ಕೊಡದ ಹಲ್ಲನ್ನು ವಯಸ್ಸಿನ ಕಾಯ್ದೆ ಕೊಡುತ್ತದೆ. ಆದರೆ ಅದನ್ನು ಸಾಬೀತುಪಡಿಸಲು ಹುಡುಗ ಸಾಕ್ಷಿಯಾಗಬೇಕು. ಮೂತ್ರ ಪರೀಕ್ಷೆಗೆ ಸಾಲಿನಲ್ಲಿ ನಿಲ್ಲಿಸಿಕೊಂಡವನು ಪೊಲೀಸರ ಪರ ಸಾಕ್ಷಿ ಹೇಳಲು ಮುಂದೆ ಬರುವುದು ಕಡಿಮೆ.

ಪೊಲೀಸರ ಮಾತು, ವಕೀಲರ ಮಾತು, ವೈದ್ಯರ ಮಾತು

ಪೊಲೀಸರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೇದುವವನೇ ಮಾರುವವನ ವಿಳಾಸ. ಕೆಳಗಿನಿಂದ ಒಂದೊಂದೇ ಕೊಂಡಿ ಹಿಡಿದು ಮೇಲೇರದಿದ್ದರೆ ಗಡಿ ದಾಟಿ ಬರುವ ಚೀಲದವರೆಗೆ ತಲುಪಲಾಗದು. ಜೊತೆಗೆ, ಮಗ ಏನು ಮಾಡುತ್ತಿದ್ದಾನೆಂದು ತಿಳಿಯದ ಎಷ್ಟೋ ಮನೆಗಳಿಗೆ ಠಾಣೆಯ ಕರೆಯೇ ಮೊದಲ ಸುದ್ದಿ. ಭಯವೂ ಒಂದು ಔಷಧ ಎಂಬುದು ಅವರ ನಂಬಿಕೆ. ಇನ್ನೂ ಚಟಕ್ಕೆ ಬೀಳದೆ ಗೆಳೆಯರ ಜೊತೆ ಒಂದೆರಡು ಸಲ ಸೇದಿದವನ ಮಟ್ಟಿಗೆ ಅದು ನಿಜವೂ ಇದ್ದೀತು.

ವಕೀಲರ ತಕರಾರು ಬೇರೆ ಕಡೆಯಿಂದ ಬರುತ್ತದೆ. ಆರೋಪಿಯನ್ನು ಪೊಲೀಸರ ಕೋರಿಕೆಯ ಮೇಲೆ ವೈದ್ಯರು ಪರೀಕ್ಷಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 51ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದರೆ ಅದು ಬಂಧಿತನಾದ ವ್ಯಕ್ತಿಯ ಮಾತು. ಬಂಧನವೂ ಇಲ್ಲದೆ, ಪ್ರಕರಣವೂ ಇಲ್ಲದೆ, ಸಂಶಯವೊಂದರ ಮೇಲೆ ನೂರಾರು ಜನರ ಮೂತ್ರ ಪಡೆಯುವುದಕ್ಕೆ ಆಧಾರ ಯಾವುದು? ಒಪ್ಪಿಗೆ ಎಂದರೆ, ಠಾಣೆಯಲ್ಲಿ ನಿಂತ ಇಪ್ಪತ್ತರ ಹುಡುಗನ ಒಪ್ಪಿಗೆಗೆ ಎಷ್ಟು ತೂಕ? ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಎಂಬ ಸಂವಿಧಾನದ 20(3)ನೇ ವಿಧಿಯನ್ನು ಕೆಲವರು ಮುಂದಿಡುತ್ತಾರೆ, ಆದರೆ ಆ ದಾರಿ ಸುಲಭವಲ್ಲ. ಬೆರಳಚ್ಚು, ಕೈಬರಹದಂಥ ಮಾದರಿ ಕೊಡುವುದು ಸಾಕ್ಷಿ ಹೇಳಿದಂತೆ ಅಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿದೆ. ಹೆಚ್ಚು ಗಟ್ಟಿಯಾದ ನೆಲ ಖಾಸಗಿತನದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಬಂದ ತೀರ್ಪಿನ ನಂತರ, ಮೈಯ ಮಾಹಿತಿಯನ್ನು ಪಡೆಯಲು ಸರ್ಕಾರಕ್ಕೆ ಕಾನೂನಿನ ಆಧಾರವೂ ಬೇಕು, ತಕ್ಕಷ್ಟೇ ಪಡೆಯುವ ಸಂಯಮವೂ ಬೇಕು.

ವೈದ್ಯರು ಇಬ್ಬರ ಮಾತನ್ನೂ ಕೇಳಿ ಬೇರೆಯದೇ ಲೆಕ್ಕ ಹೇಳುತ್ತಾರೆ. ಗಾಂಜಾ ಬಳಸಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಚಟಕ್ಕೆ ಬೀಳುತ್ತಾರೆ. ಹದಿಹರೆಯದಲ್ಲೇ ಶುರುಮಾಡಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು. ಮುಂದಾಲೋಚನೆ, ತಡೆದುಕೊಳ್ಳುವ ಶಕ್ತಿ ಇವುಗಳ ಮನೆಯಾದ ಮೆದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ಹೆಚ್ಚು ಪ್ರಮಾಣದಲ್ಲಿ, ಎಳೆ ವಯಸ್ಸಿನಲ್ಲಿ ಸೇದಿದಷ್ಟೂ ಭ್ರಮೆ, ಸಂಶಯ ಕಾಡುವ ಮನೋರೋಗದ ಅಪಾಯ ಹೆಚ್ಚು. ಗಾಂಜಾ ಸಾಧುಗಳ ಕಾಲದಿಂದ ಇದೆ, ಏನಾಗಿದೆ ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುವುದುಂಟು. ಸಾಧುಗಳು ಎಂಟನೆಯ ತರಗತಿಯಲ್ಲಿ ಇರಲಿಲ್ಲ. ವೈದ್ಯರ ಕಾಳಜಿ ಇಷ್ಟು: ಪರೀಕ್ಷೆಯಲ್ಲಿ ಸಿಕ್ಕವನು ಆಸ್ಪತ್ರೆಯ ಬಾಗಿಲಿಗೆ ಬರುತ್ತಾನೆಯೇ, ಪೊಲೀಸರಿಗೆ ತಿಳಿದೀತೆಂದು ಆಸ್ಪತ್ರೆಯಿಂದಲೇ ದೂರ ಓಡುತ್ತಾನೆಯೇ?

ಸಾಲದ ಪೊಟ್ಟಣ

ಸಮಾಜದ ಮೇಲಿನ ಪರಿಣಾಮ ಎಂದೊಡನೆ ಕಣ್ಣಿಗೆ ಬರುವುದು ಚಾಕು, ಬೈಕ್ ಅಪಘಾತ, ಮೊಬೈಲ್ ಕಳವು. ಅವು ಕೊನೆಯ ಮೆಟ್ಟಿಲು. ಮೊದಲ ಮೆಟ್ಟಿಲು ಶಾಲೆಯ ಹತ್ತಿರದ ಡಬ್ಬಾ ಅಂಗಡಿ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರಿಂದ ಕಾಯ್ದೆ ಇದೆ. ಕೊಳ್ಳುವವರ ವಯಸ್ಸನ್ನು 21ಕ್ಕೆ ಏರಿಸಿ, ಹುಕ್ಕಾ ಬಾರ್‌ಗಳನ್ನು ನಿಷೇಧಿಸಿ ರಾಜ್ಯ 2024ರಲ್ಲಿ ತಿದ್ದುಪಡಿಯನ್ನೂ ತಂದಿದೆ. ಆದರೆ ಗುಟ್ಕಾ, ಮಾವಾ ನಮ್ಮ ಕಡೆ ನಶೆಯ ಲೆಕ್ಕಕ್ಕೇ ಬರುವುದಿಲ್ಲ. ಅಪ್ಪನ ಕಿಸೆಯಲ್ಲೂ ಅದೇ ಇರುತ್ತದೆ, ತರಲು ಮಗನನ್ನೇ ಕಳುಹಿಸುತ್ತಾರೆ. ಹೀಗೆ ಅಂಗಡಿಯವನ ಪರಿಚಯವಾಗುತ್ತದೆ, ಅಂಗಡಿಯ ಹಿಂದೆ ನಿಲ್ಲುವವರ ಪರಿಚಯವಾಗುತ್ತದೆ.

ಮೊದಲ ಪೊಟ್ಟಣವನ್ನು ಗೆಳೆಯ ಪುಕ್ಕಟೆ ಕೊಡುತ್ತಾನೆ. ನಾಲ್ಕನೆಯದು ಉದ್ರಿ. ಉದ್ರಿ ಬೆಳೆದಾಗ ತೀರಿಸುವ ದಾರಿ ಎರಡೇ: ಮನೆಯಲ್ಲಿ ಕದಿಯುವುದು, ಇಲ್ಲವೇ ನಾಲ್ಕು ಪೊಟ್ಟಣ ಬೇರೆಯವರಿಗೆ ತಲುಪಿಸುವುದು. ತಲುಪಿಸಿದ ದಿನವೇ ಅವನು ಗಿರಾಕಿಯಿಂದ ಪೆಡ್ಲರ್ ಆಗುತ್ತಾನೆ. ಮಕ್ಕಳ ಮೇಲೆ ಕಾನೂನು ಮೃದು ಎಂಬುದೇ ಮೇಲಿನವನಿಗೆ ಅವರನ್ನು ಮುಂದೆ ತಳ್ಳಲು ಕಾರಣ.

ಯಾವ ಮನೆಯ ಮಕ್ಕಳು ಬೇಗ ಸಿಗುತ್ತಾರೆ? ಗದಗ, ಹಾವೇರಿಯ ಎಷ್ಟೋ ಹಳ್ಳಿಗಳಿಂದ ತಂದೆ-ತಾಯಿ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಅಜ್ಜಿಗೆ ಹೊಟ್ಟೆ ತುಂಬಿಸಲು ಬರುತ್ತದೆ, ಕೆಂಪು ಕಣ್ಣಿನ ಅರ್ಥ ಹೇಳಲು ಬರುವುದಿಲ್ಲ. ಹುಡುಗ ಮೊದಲು ಸೋಮವಾರ ಶಾಲೆ ತಪ್ಪಿಸುತ್ತಾನೆ, ಆಮೇಲೆ ವಾರ. ಗ್ಯಾರೇಜಿಗೋ ಗೌಂಡಿ ಕೆಲಸಕ್ಕೋ ಸೇರುತ್ತಾನೆ. ಅಲ್ಲಿ ಥಿನ್ನರ್ ಡಬ್ಬಿ ಕೈಗೆಟಕುವ ದೂರದಲ್ಲಿರುತ್ತದೆ.

ಇನ್ನೊಂದು ಪರಿಣಾಮವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರಿನಲ್ಲಿ ಗಾಂಜಾ ಹುಡುಗರು ಹೆಚ್ಚಾಗಿದ್ದಾರೆ ಎಂಬ ಮಾತು ಹರಡಿದೊಡನೆ ಮೊದಲು ಮನೆಗೆ ಬೀಗ ಬೀಳುವುದು ಹುಡುಗಿಯರಿಗೆ. ಸಂಜೆಯ ಟ್ಯೂಷನ್ ನಿಲ್ಲುತ್ತದೆ, ಹಳ್ಳಿಯಿಂದ ಧಾರವಾಡಕ್ಕೆ ಓದಲು ಕಳುಹಿಸುವ ಯೋಚನೆ ಮುಂದಕ್ಕೆ ಹೋಗುತ್ತದೆ, ಆ ಜಾಗದಲ್ಲಿ ಮದುವೆಯ ಮಾತು ಬರುತ್ತದೆ. ಸೇದಿದವರು ಯಾರೋ, ದಂಡ ಕಟ್ಟುವವರು ಯಾರೋ.

ಹಾಸಿಗೆ ಎಲ್ಲಿದೆ

ಚಿಕಿತ್ಸೆಯ ಮಟ್ಟಿಗೆ ಧಾರವಾಡ ಅದೃಷ್ಟದ ಊರು. 1845ರಷ್ಟು ಹಿಂದೆ ಶುರುವಾದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ, ವ್ಯಸನಮುಕ್ತಿ ಚಿಕಿತ್ಸೆ ಅಲ್ಲಿದೆ. ಹುಬ್ಬಳ್ಳಿಯಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮನೋರೋಗ ವಿಭಾಗವಿದೆ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ-ಮನಸ್ 14416, ಮಕ್ಕಳಿಗೆ 1098. ಮೂರಕ್ಕೂ ಹಣ ಕೊಡಬೇಕಿಲ್ಲ. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಎಂಬ ವ್ಯವಸ್ಥೆ ಇದೆ.

ತೊಡಕಿರುವುದು ವಯಸ್ಸಿನಲ್ಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದ ಬರುವ ಸ್ಥಿತಿಯನ್ನೂ ಮಾನಸಿಕ ಅಸ್ವಸ್ಥತೆ ಎಂದೇ ಪರಿಗಣಿಸುತ್ತದೆ. ಅದರ ಪ್ರಕಾರ ಹದಿನೆಂಟರ ಒಳಗಿನವರನ್ನು ದೊಡ್ಡವರ ವಾರ್ಡಿನಲ್ಲಿ ಮಲಗಿಸುವಂತಿಲ್ಲ. ಪ್ರತ್ಯೇಕ ಜಾಗ ಬೇಕು, ಪಾಲಕರೊಬ್ಬರು ಅಥವಾ ಅವರು ನೇಮಿಸಿದವರೊಬ್ಬರು ಜೊತೆಯಲ್ಲಿರಬೇಕು. ಒಳ್ಳೆಯ ನಿಯಮ. ಇಪ್ಪತ್ತು ವರ್ಷ ಕುಡಿದವನ ಪಕ್ಕದ ಮಂಚದಲ್ಲಿ ಹದಿನಾಲ್ಕರ ಹುಡುಗ ಕಲಿತುಬರುವುದು ಬೇರೆಯದೇ ಪಾಠ. ಆದರೆ ದಿನಗೂಲಿಯ ತಾಯಿಯೊಬ್ಬಳು ಹಾವೇರಿಯ ಹಳ್ಳಿಯಿಂದ ಬಂದು ಮೂರು ವಾರ ಧಾರವಾಡದಲ್ಲಿ ಉಳಿಯುವುದು ಹೇಗೆ? ಗಾಂಜಾಕ್ಕಾಗಲಿ ದ್ರಾವಕಕ್ಕಾಗಲಿ ಚಟ ಬಿಡಿಸುವ ಗುಳಿಗೆ ಇಲ್ಲ. ವಾರಕ್ಕೊಮ್ಮೆಯಂತೆ ತಿಂಗಳುಗಟ್ಟಲೆ ಕೂತು ಮಾತನಾಡುವ ಆಪ್ತಸಮಾಲೋಚನೆಯೇ ಮುಖ್ಯ ಮದ್ದು. ಪ್ರತಿ ವಾರದ ಬಸ್ ಚಾರ್ಜು, ತಪ್ಪಿದ ಕೂಲಿ ಎರಡನ್ನೂ ಕೂಡಿಸಿದರೆ ನಾಲ್ಕನೆಯ ವಾರಕ್ಕೆ ಬರುವುದು ನಿಲ್ಲುತ್ತದೆ. ಆ ಖಾಲಿಯನ್ನು ತುಂಬುವುದು ಬೋರ್ಡು ಹಾಕಿಕೊಂಡ ಖಾಸಗಿ ಕೇಂದ್ರಗಳು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಅವು ನೋಂದಣಿಯಾಗಿರಬೇಕು. ದಾಖಲಿಸುವ ಮುನ್ನ ಆ ನೋಂದಣಿ ಪತ್ರವನ್ನು ಕೇಳಿ ನೋಡುವ ಹಕ್ಕು ಪಾಲಕರಿಗೆ ಇದೆ.

ಟಿಸಿ ಎಂಬ ಶಿಕ್ಷೆ

ಠಾಣೆ, ಆಸ್ಪತ್ರೆ ಎರಡನ್ನೂ ಬಿಟ್ಟು ಮೂರನೆಯ ಬಾಗಿಲೊಂದಿದೆ, ಶಾಲೆಯದು. ಹುಡುಗ ಸಿಕ್ಕಿಬಿದ್ದ ಸುದ್ದಿ ತಿಳಿದ ಆಡಳಿತ ಮಂಡಳಿಗೆ ಮೊದಲು ನೆನಪಾಗುವುದು ವರ್ಗಾವಣೆ ಪತ್ರ. ಉಳಿದ ಮಕ್ಕಳು ಕೆಡುತ್ತಾರೆ, ಉಳಿದ ಪಾಲಕರು ಕೇಳುತ್ತಾರೆ ಎಂಬ ಅವರ ಭಯದಲ್ಲಿ ಹುರುಳಿಲ್ಲದಿಲ್ಲ. ಆದರೆ ದಿನದ ಆರೇಳು ಗಂಟೆ ಹುಡುಗನನ್ನು ಡಬ್ಬಾ ಅಂಗಡಿಯಿಂದ ದೂರ ಇಡುತ್ತಿದ್ದ ಒಂದೇ ಜಾಗವೂ ಅಂದಿಗೆ ತಪ್ಪುತ್ತದೆ. ಬಾಲನ್ಯಾಯ ಮಂಡಳಿಗೆ ಕಳುಹಿಸುವ ಹಿನ್ನೆಲೆ ವರದಿಯಲ್ಲಿ ಶಾಲೆಯ ಬಗ್ಗೆಯೂ ಬರೆಯಬೇಕು. ಟಿಸಿ ಕೊಟ್ಟಿದ್ದರೆ ಅಲ್ಲಿ ಬೀಳುವ ಮಾತು ‘ಶಾಲೆ ಬಿಟ್ಟವನು’ ಎಂದು, ಬಿಡಿಸಲ್ಪಟ್ಟವನು ಎಂದಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಎಂದರೆ ಎಂಟನೆಯ ತರಗತಿಯವರೆಗೆ, ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಒಂಬತ್ತನೆಯ ತರಗತಿಗೆ ಬಂದ ಜೂನ್ ತಿಂಗಳಿನಿಂದ ಆ ರಕ್ಷಣೆ ಇಲ್ಲ. ಹುಡುಗನಿಗೆ ಆಗ ಹದಿನಾಲ್ಕು ಅಥವಾ ಹದಿನೈದು.